ನೀರೇ ಹರಿಯದ ಪೈಪನ್ನು ಕತ್ತರಿಸಿದಾಗ: ಒಂದು ಬಾತ್‌ರೂಮ್ ನವೀಕರಣದ ಪ್ರಕರಣ

ಈ ಪ್ರಕರಣ ಶುರುವಾದದ್ದು ಯಾವತ್ತೂ ನೀರು ಹರಿಯದ ಒಂದು ಪೈಪಿನಿಂದ. ನೀರು ಹರಿಯುವುದಿಲ್ಲ ಅನ್ನುವ ಕಾರಣಕ್ಕೇ ಅದನ್ನು ಕತ್ತರಿಸಿ ಮುಚ್ಚಿದ್ದರು. ಬಾತ್‌ರೂಮ್ ಹೊಸದಾಗಿ ಮಾಡಿಸುವಾಗ ವೆಂಟ್ ಪೈಪಿಗೆ, ಅಂದರೆ ಡ್ರೈನ್ ಪೈಪುಗಳಿಗೆ ಗಾಳಿ ಕೊಡುವ ಪೈಪಿಗೆ, ಬಹಳ ಸಲ ಇದೇ ಗತಿಯಾಗುತ್ತದೆ. ಏನಾಯಿತು, ಹೇಗೆ ಪತ್ತೆಯಾಯಿತು, ಹೇಗೆ ಸರಿಮಾಡಿದೆವು ಅನ್ನುವುದನ್ನು ಪೂರ್ತಿಯಾಗಿ ಬರೆದಿದ್ದೇನೆ.

ಎರಡು ಅಂತಸ್ತಿನ ಮನೆ. ಮೇಲಿನ ಬಾತ್‌ರೂಮಿಗೆ ಪಕ್ಕದ ಸ್ಟೋರ್ ರೂಮನ್ನು ಸೇರಿಸಿಕೊಂಡು ಜಾಗ ದೊಡ್ಡದು ಮಾಡಿಸಿದ್ದರು. ಹಳೆಯ ವಿನ್ಯಾಸದಲ್ಲಿ ಕಮೋಡ್, ಬೇಸಿನ್, ಶವರ್ ಮೂರೂ ಒಂದೇ ಗೋಡೆಗೆ ಒರಗಿದ್ದವು. ಎಲ್ಲದರ ಕೊಳೆ ನೀರು ಇಳಿಯುವ ಮುಖ್ಯ ಪೈಪ್, ಅಂದರೆ 100 ಮಿ.ಮೀ. ಸ್ಟ್ಯಾಕ್, ಅದೇ ಗೋಡೆಯೊಳಗೆ ನಿಂತಿತ್ತು. ಹೊಸ ವಿನ್ಯಾಸದಲ್ಲಿ ಕಮೋಡ್ ಮಾತ್ರ ಅಲ್ಲೇ ಉಳಿಯಿತು. ಬೇಸಿನ್ ಎದುರು ಗೋಡೆಗೆ ಹೋಯಿತು. ಶವರ್ ದೂರದ ಮೂಲೆ ಸೇರಿತು. ಕಮೋಡ್ ಮೇಲಿನ ಗೋಡೆಯಲ್ಲಿ ಸೋಪು, ಶಾಂಪೂ ಇಡಲು ಉದ್ದನೆಯ ಗೂಡು ಕೊರೆದರು. ಕೆಲಸ ನೋಡಲು ತುಂಬಾ ಚೆನ್ನಾಗಿತ್ತು. ಟೈಲ್ಸ್ ಜೋಡಣೆಯಲ್ಲಿ ಒಂದು ಕೊರತೆ ಹೇಳುವ ಹಾಗಿರಲಿಲ್ಲ.

ಬಳಕೆ ಶುರುವಾಗಿ ಸ್ವಲ್ಪ ದಿನಕ್ಕೇ ತೊಂದರೆ ಕಾಣಿಸಿತು. ಕಮೋಡ್ ಫ್ಲಶ್ ಮಾಡಿದರೆ ಬೇಸಿನ್ನಿನೊಳಗೆ ಗುಳುಗುಳು ಸದ್ದು. ಬೇಸಿನ್ ತುಂಬಿಸಿ ಬಿಟ್ಟರೆ ನೀರು ಕೊನೆಯಲ್ಲಿ ಸೊರ್ರನೆ ಹೀರಿಕೊಂಡ ಹಾಗೆ ಸದ್ದು ಮಾಡಿ ಹೋಗುವುದು. ಬೆಳಗ್ಗೆ ಬಾಗಿಲು ತೆಗೆದರೆ ಮೋರಿ ವಾಸನೆ. ಕೆಳಗಡೆ ಅತಿಥಿಗಳ ಬಾತ್‌ರೂಮಿನಲ್ಲೂ ಆಗಾಗ ಅದೇ ವಾಸನೆ.

ಮೊದಲು ಎಲ್ಲರೂ ಮಾಡುವುದನ್ನೇ ಮನೆಯವರೂ ಮಾಡಿದರು. ಬ್ಲಾಕ್ ಆಗಿರಬೇಕು ಎಂದು ಬೇಸಿನ್ನಿಗೆ ಕ್ಲೀನರ್ ಸುರಿದರು. ಅದರ ಕೆಳಗಿನ ಟ್ರ್ಯಾಪ್, ಅಂದರೆ ನೀರು ನಿಲ್ಲುವ ಬಾಗಿದ ಪೈಪ್, ಬದಲಿಸಿ ಬಾಟಲಿ ಆಕಾರದ ಬಾಟಲ್ ಟ್ರ್ಯಾಪ್ ಹಾಕಿದರು. ಕಮೋಡ್ ಎತ್ತಿ ಕೆಳಗಿನ ಸೀಲ್ ಹೊಸದು ಹಾಕಿದರು, ಸುತ್ತ ಸಿಲಿಕಾನ್ ಎಳೆದರು. ವಾಸನೆ ಹೋಗಲಿಲ್ಲ. ಆಮೇಲೆ ಹಳೆಯ ಎಗ್ಸಾಸ್ಟ್ ಫ್ಯಾನ್ ತೆಗೆದು ಜಾಸ್ತಿ ಶಕ್ತಿಯದ್ದು ಕೂರಿಸಿದರು. ವಾಸನೆ ಇನ್ನೂ ಜೋರಾಯಿತು.

ಫ್ಯಾನ್ ಹಾಕಿದ ಮೇಲೆ ವಾಸನೆ ಹೆಚ್ಚಾಯಿತು ಅನ್ನುವ ಮಾತೇ ನನಗೆ ದಾರಿ ತೋರಿಸಿತು. ಫ್ಯಾನ್ ಹೊರಗೆ ತಳ್ಳಿದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಬಾಗಿಲ ಕೆಳಗೆ ಸಂದಿ ಇದ್ದರೆ ಅಲ್ಲಿಂದ ಬರುತ್ತದೆ. ಇಲ್ಲಿ ಹೊಸ ಬಾಗಿಲು ನೆಲಕ್ಕೆ ಅಂಟಿಕೊಂಡ ಹಾಗೆ ಕೂತಿತ್ತು. ಕಿಟಕಿ ಮುಚ್ಚಿತ್ತು. ಉಳಿದದ್ದು ಮೋರಿಯ ದಾರಿ ಒಂದೇ. ಎಲ್ಲೋ ಒಂದು ಟ್ರ್ಯಾಪಿನಲ್ಲಿ ನೀರಿಲ್ಲ ಅನ್ನುವುದು ಅಲ್ಲಿಗೆ ಹೆಚ್ಚುಕಮ್ಮಿ ಖಚಿತವಾಯಿತು.

ಟ್ರ್ಯಾಪಿನಲ್ಲಿ ನಿಂತಿರುವ ನೀರಿನ ಬಗ್ಗೆ

ಬೇಸಿನ್ ಕೆಳಗಿನ ಬಾಗಿದ ಪೈಪಿನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ, ಅಲ್ವಾ? ಮೋರಿಗೂ ಮನೆಗೂ ನಡುವೆ ಇರುವ ತಡೆ ಅಷ್ಟೇ. ಬಾಗಿಲಿಲ್ಲ, ವಾಲ್ವ್ ಇಲ್ಲ, ಬರೀ ನೀರು. ಬೇಸಿನ್ನಿಗೆ 75 ಮಿ.ಮೀ., ಶವರ್ ಮತ್ತು ಕಮೋಡಿಗೆ 50 ಮಿ.ಮೀ. ಆಳದ ನೀರು ಇರಬೇಕು ಎಂದು ಬ್ರಿಟನ್ನಿನ ಅಪ್ರೂವ್ಡ್ ಡಾಕ್ಯುಮೆಂಟ್ ಎಚ್, ಅಂದರೆ ಅಲ್ಲಿನ ಕಟ್ಟಡ ನಿಯಮಗಳ ಡ್ರೈನೇಜ್ ಮಾರ್ಗಸೂಚಿ, ಹೇಳುತ್ತದೆ. 50 ಮಿ.ಮೀ. ನೀರು ತಡೆಯಬಲ್ಲ ಒತ್ತಡ ಸುಮಾರು 500 ಪ್ಯಾಸ್ಕಲ್. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಇನ್ನೂರರಲ್ಲಿ ಒಂದು ಪಾಲು. ಪೈಪಿನೊಳಗಿನ ಒತ್ತಡ ಅಷ್ಟು ಏರುಪೇರಾದರೂ ಸಾಕು, ತಡೆ ಮುರಿದುಬೀಳುತ್ತದೆ.

ಏರುಪೇರು ಯಾಕಾಗುತ್ತದೆ? ಫ್ಲಶ್ ಮಾಡಿದ ನೀರು ನಿಂತ ಪೈಪಿನಲ್ಲಿ ಇಳಿಯುವಾಗ ಪೈಪಿನ ಗೋಡೆಗೆ ಅಂಟಿಕೊಂಡು ಜಾರುತ್ತದೆ. ನಡುವೆ ಗಾಳಿಯ ಕಂಬ ಉಳಿಯುತ್ತದೆ. ಇಳಿಯುವ ನೀರು ಆ ಗಾಳಿಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಹಾಗೆ ಹೋದ ಗಾಳಿಯ ಜಾಗ ತುಂಬಲು ಮೇಲಿನಿಂದ ಹೊಸ ಗಾಳಿ ಬರಬೇಕು. ಸ್ಟ್ಯಾಕ್ ತಾರಸಿಯ ಮೇಲೆ ಬಾಯಿ ತೆರೆದು ನಿಂತಿರುವುದು ಅದಕ್ಕೇ. ಆ ಬಾಯಿ ಮುಚ್ಚಿದರೆ ಪೈಪ್ ಹತ್ತಿರದ ಟ್ರ್ಯಾಪಿನ ಮೂಲಕ ಗಾಳಿ ಎಳೆಯುತ್ತದೆ. ಬೋರಲು ಹಿಡಿದ ಬಾಟಲಿ ಗಾಳಿ ಹೀರಲು ಗುಳುಗುಟ್ಟುವ ಹಾಗೆ ಬೇಸಿನ್ ಗುಳುಗುಟ್ಟುತ್ತದೆ. ಕಮೋಡಿನಲ್ಲಿ ಇದು ಗೊತ್ತಾಗುವುದೇ ಇಲ್ಲ, ಯಾಕಂದರೆ ಪ್ರತಿ ಫ್ಲಶ್ ಆದ ಮೇಲೂ ಅದರ ಟ್ಯಾಂಕು ಟ್ರ್ಯಾಪನ್ನು ಮತ್ತೆ ತುಂಬಿಸುತ್ತದೆ. ಬೇಸಿನ್ನಿಗೆ ಆ ಅನುಕೂಲ ಇಲ್ಲ. ತಪ್ಪು ಕಮೋಡ್ ಲೈನಿನದ್ದು, ದೂರು ಬೇಸಿನ್ ಮೇಲೆ. ಕ್ಲೀನರ್ ಸುರಿದು ಸುರಿದು ಜನ ಸುಸ್ತಾಗುವುದು ಇದಕ್ಕೇ.

ಮೋರಿಯ ಗಾಳಿ ಬರೀ ಕೆಟ್ಟ ವಾಸನೆಯಲ್ಲ. ಅದರಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಮೀಥೇನ್ ಇರುತ್ತದೆ. ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಜಾಸ್ತಿಯಾದರೆ ಮೂಗಿಗೆ ಅದರ ವಾಸನೆ ಗೊತ್ತಾಗುವುದೇ ನಿಂತುಹೋಗುತ್ತದೆ. 2003ರಲ್ಲಿ ಹಾಂಕಾಂಗ್‌ನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ಎಂಬ ಉಸಿರಾಟದ ಸೋಂಕು ತಗುಲಿತು. ಬಾತ್‌ರೂಮ್ ನೆಲದ ಟ್ರ್ಯಾಪುಗಳು ಒಣಗಿದ್ದವು, ಎಗ್ಸಾಸ್ಟ್ ಫ್ಯಾನುಗಳು ಪೈಪಿನೊಳಗಿನ ಸೋಂಕಿನ ಹನಿಗಳನ್ನು ಮನೆಯೊಳಗೆ ಎಳೆದವು ಎಂದು ತನಿಖೆಯಲ್ಲಿ ವಿವರಿಸಲಾಯಿತು. ಒಣಗಿದ ಟ್ರ್ಯಾಪ್, ಮೇಲೆ ಶಕ್ತಿಯುತ ಫ್ಯಾನ್: ಈ ಮನೆಯಲ್ಲಿ ಇದ್ದದ್ದೂ ಅದೇ ಜೋಡಿ. ಅದಕ್ಕೇ ನಾನು ಈ ದೂರನ್ನು ಸಣ್ಣದು ಎಂದು ತಳ್ಳಿಹಾಕುವುದಿಲ್ಲ.

ಹುಡುಕಾಟ

ಬಾಟಲ್ ಟ್ರ್ಯಾಪ್ ತೆಗೆದು, ಅದರ ಜಾಗದಲ್ಲಿ ಒಳಗಿನದು ಕಾಣುವ ಪಾರದರ್ಶಕ ಪ್ಲಾಸ್ಟಿಕ್ ಟ್ರ್ಯಾಪ್ ಕೂರಿಸಿದೆವು. ಅದರ ಮೈಮೇಲೆ ಮಾರ್ಕರಿನಿಂದ ಐದೈದು ಮಿ.ಮೀ.ಗೆ ಗೆರೆ ಹಾಕಿದೆ. ಮೊದಲು ನಿಧಾನವಾಗಿ ನೀರು ಬಿಟ್ಟು 75ರ ಗೆರೆ ತನಕ ತುಂಬಿಸಿದೆವು. ಆಮೇಲೆ ಬೇಸಿನ್ ಮುಟ್ಟದೆ ಬರೀ ಫ್ಲಶ್ ಮಾಡಿದೆವು. ಟ್ರ್ಯಾಪಿನ ನೀರು ಮೊದಲು ಪೈಪಿನ ಕಡೆಗೆ ವಾಲಿತು. ತುದಿಯಿಂದ ಒಂದಿಷ್ಟು ಆಚೆ ಚೆಲ್ಲಿತು. ಎರಡು ಮೂರು ಗುಳ್ಳೆ ಒಳಗೆ ನುಗ್ಗಿದವು. ನೀರು ಹಿಂದಕ್ಕೆ ಮುಂದಕ್ಕೆ ತೂಗಾಡಿ ನಿಂತಾಗ 15 ಮಿ.ಮೀ. ಕೂಡ ಉಳಿದಿರಲಿಲ್ಲ. ಮನೆಯವರು ಬಗ್ಗಿ ನೋಡುತ್ತಿದ್ದರು. ಅದುವರೆಗೆ ನಾನು ಹೇಳಿದ ಯಾವ ಮಾತಿಗಿಂತ ಅವರಿಗೆ ಆ ನೋಟ ಬೇಗ ಅರ್ಥವಾಯಿತು.

ಹಾಗಾದರೆ ಸ್ಟ್ಯಾಕಿಗೆ ಗಾಳಿ ಬರುತ್ತಿಲ್ಲ. ತಾರಸಿಗೆ ಹೋದೆವು. ಅಲ್ಲಿ ಪೈಪ್ ನಿಂತಿತ್ತು. ಮೇಲೆ ಕೌಲ್, ಅಂದರೆ ಗಾಳಿಯಾಡುವ ಟೋಪಿ, ಇತ್ತು. ಎಲೆ ಕಸ ಏನೂ ಇರಲಿಲ್ಲ. "ವೆಂಟ್ ಇದೆಯಲ್ಲ, ನೋಡಿ" ಎಂದು ಕೆಲಸ ಮಾಡಿಸಿದ ಗುತ್ತಿಗೆದಾರರು ಮೊದಲೇ ಹೇಳಿದ್ದರಂತೆ. ಹೊರಗಿನಿಂದ ನೋಡಿದವರು ಯಾರಾದರೂ ಹಾಗೇ ಹೇಳುತ್ತಿದ್ದರು.

ಕೌಲ್ ತೆಗೆದು, ಒಂದು ದಾರಕ್ಕೆ ಭಾರ ಕಟ್ಟಿ ಒಳಗೆ ಇಳಿಬಿಟ್ಟೆವು. ಎರಡು ಅಂತಸ್ತು ದಾಟಿ ಬುಡದ ಬೆಂಡಿನ ತನಕ ದಾರ ಇಳಿಯಬೇಕಿತ್ತು. ಸ್ಲ್ಯಾಬ್ ದಾಟಿದ ಕೂಡಲೇ ಮೆತ್ತಗೆ ನಿಂತುಬಿಟ್ಟಿತು. ಎಳೆದು ಮತ್ತೆ ಬಿಟ್ಟರೂ ಅಲ್ಲೇ. ಫಾಲ್ಸ್ ಸೀಲಿಂಗಿನ ಒಂದು ಹಲಗೆ ಬಿಚ್ಚಿದಾಗ ಕಾರಣ ಕಂಡಿತು. ತಾರಸಿಯಿಂದ ಇಳಿದ ಪೈಪ್ ಸ್ಲ್ಯಾಬಿನ ಕೆಳಗೆ ಒಂದು ಗೇಣಿಗೇ ಮುಗಿದಿತ್ತು. ಗರಗಸದಲ್ಲಿ ಕೊಯ್ದ ಬಾಯಿ. ಒಳಗೆ ಸಿಮೆಂಟ್ ಚೀಲದ ತುಂಡು ತುರುಕಿದ್ದರು. ಅದರ ಕೆಳಗೆ, ಸೋಪಿನ ಗೂಡು ಇದ್ದ ಉದ್ದಕ್ಕೂ, ಪೈಪೇ ಇರಲಿಲ್ಲ. ಗೂಡಿನ ತಳದ ಟೈಲ್ ಎಬ್ಬಿಸಿದಾಗ ಸ್ಟ್ಯಾಕಿನ ಉಳಿದ ತುದಿ ಸಿಕ್ಕಿತು. ಅದಕ್ಕೆ ಎಂಡ್ ಕ್ಯಾಪ್ ಹಾಕಿ, ಸಾಲ್ವೆಂಟ್ ಬಳಿದು, ಸುತ್ತ ಸಿಮೆಂಟ್ ಮೆತ್ತಿದ್ದರು.

ಗೂಡಿಗೆ ಪೈಪ್ ಅಡ್ಡ ಬಂದಿತ್ತು. ಅದರಲ್ಲಿ ನೀರು ಬರುತ್ತದೆಯೇ ಎಂದು ನೋಡಿದ್ದಾರೆ. ಬರಲಿಲ್ಲ. ಹಳೆಯ ಕಾಲದ್ದು, ಕೆಲಸಕ್ಕೆ ಬಾರದ್ದು ಎಂದುಕೊಂಡು ಕತ್ತರಿಸಿದ್ದಾರೆ. ಇದು ಸೋಮಾರಿತನದ ಕೆಲಸವಲ್ಲ. ಕ್ಯಾಪ್ ಎಷ್ಟು ಗಟ್ಟಿಯಾಗಿ ಕೂರಿಸಿದ್ದರು ಅಂದರೆ ಒಂದು ಹನಿ ಸೋರುವಂತಿರಲಿಲ್ಲ. ನೀರಿನ ದಾರಿಯನ್ನು ಚೆನ್ನಾಗಿ ಬಲ್ಲವರೇ ಗಾಳಿಯ ದಾರಿಯನ್ನು ಲೆಕ್ಕಕ್ಕೆ ಹಿಡಿಯದಿರುವುದು ನನಗೆ ಯಾವಾಗಲೂ ನೋವು ಕೊಡುತ್ತದೆ. ಅರ್ಧ ಕೆಲಸ ಅಲ್ಲೇ ಇರುವುದು.

ಅರ್ಧ ಮಾತ್ರ ಸರಿಹೋಯಿತು

ಕಿಟಕಿಗಳನ್ನು ಪೂರ್ತಿ ತೆಗೆದು, ಕ್ಯಾಪ್ ಕತ್ತರಿಸಿ, ಸ್ವಲ್ಪ ಹೊತ್ತು ಸ್ಟ್ಯಾಕಿನ ಬಾಯಿ ತೆರೆದಿಟ್ಟು ಪರೀಕ್ಷೆ ಮಾಡಿದೆವು. ಈಗ ಫ್ಲಶ್ ಮಾಡಿದರೆ ಪಾರದರ್ಶಕ ಟ್ರ್ಯಾಪಿನ ನೀರು ಕೆಲವೇ ಮಿ.ಮೀ. ಅಲುಗಾಡಿ ತನ್ನ ಜಾಗಕ್ಕೆ ಬಂದು ನಿಂತಿತು. ಗುಳುಗುಳು ಸದ್ದು ಪೂರ್ತಿ ನಿಂತಿತು. ಮನೆಯವರಿಗೆ ಖುಷಿಯಾಯಿತು. ಇನ್ನು ಪೈಪ್ ಜೋಡಿಸಿದರೆ ಮುಗಿಯಿತಲ್ಲ ಅಂದರು.

ಬೇಸಿನ್ ತುಂಬಾ ನೀರು ತುಂಬಿಸಿ ಒಮ್ಮೆಲೇ ಬಿಟ್ಟು ನೋಡಿದೆವು. ನೀರು ಸುತ್ತಿಕೊಂಡು ಇಳಿಯಿತು, ಕೊನೆಯಲ್ಲಿ ಅದೇ ಸೊರ್ರ್ ಸದ್ದು, ಟ್ರ್ಯಾಪ್ ಬಹುಪಾಲು ಖಾಲಿ. ಸ್ಟ್ಯಾಕಿನ ಬಾಯಿ ತೆರೆದಿದ್ದರೂ ಹೀಗೆ. ಅಂದರೆ ಬೇಸಿನ್ ತನ್ನ ನೀರನ್ನು ತಾನೇ ಹೀರಿಕೊಳ್ಳುತ್ತಿತ್ತು. ಇದು ಬೇರೆಯದೇ ತೊಂದರೆ. ಕತ್ತರಿಸಿದ ಪೈಪಿಗೂ ಇದಕ್ಕೂ ಸಂಬಂಧವಿಲ್ಲ. ಬೇಸಿನ್ ಜಾಗ ಬದಲಾದಾಗ ಹುಟ್ಟಿಕೊಂಡದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನವೀಕರಣದಲ್ಲಿ ಅತಿ ಹೆಚ್ಚು ತಪ್ಪುವುದು ಇಲ್ಲೇ.

ಟ್ರ್ಯಾಪಿನಿಂದ ಹೊರಟ ಅಡ್ಡ ಪೈಪಿನಲ್ಲಿ ನೀರು ಪೈಪಿನ ತಳದಲ್ಲಿ ಹರಿಯಬೇಕು. ಮೇಲೆ ಗಾಳಿ ಓಡಾಡಲು ಜಾಗ ಉಳಿಯಬೇಕು. ಆ ಗಾಳಿ ವೆಂಟಿನಿಂದ ಟ್ರ್ಯಾಪಿನ ತನಕ ತಲುಪುತ್ತಿದ್ದರೆ ನೀರು ಶಾಂತವಾಗಿ ಹೋಗುತ್ತದೆ, ಟ್ರ್ಯಾಪಿನಲ್ಲಿ ಇರಬೇಕಾದಷ್ಟು ಉಳಿಯುತ್ತದೆ. ಈಗ ಪೈಪಿಗೆ ವಾಟ, ಅಂದರೆ ಇಳಿಜಾರು, ಕೊಟ್ಟಿದ್ದೇವೆ, ಮೀಟರಿಗೆ 2 ಸೆಂ.ಮೀ. ಎಂದುಕೊಳ್ಳಿ. ಪೈಪ್ 40 ಮಿ.ಮೀ. ಎರಡು ಮೀಟರ್ ದೂರ ಹೋದರೆ ಪೈಪ್ ತನ್ನ ಅಗಲದಷ್ಟೇ, ಅಂದರೆ 40 ಮಿ.ಮೀ., ಕೆಳಗಿಳಿದಿರುತ್ತದೆ. ಅಲ್ಲಿಂದಾಚೆ ವೆಂಟ್ ಇಟ್ಟರೆ ಅದರ ಬಾಯಿ ಟ್ರ್ಯಾಪಿನ ನೀರಿನ ಮಟ್ಟಕ್ಕಿಂತ ಕೆಳಗೆ ಬೀಳುತ್ತದೆ. ನಡುವಿನ ಪೈಪ್ ಪೂರ್ತಿ ತುಂಬಿ ಹರಿದರೆ ಗಾಳಿಗೆ ದಾರಿಯೇ ಇಲ್ಲ. ಹರಿಯುವ ನೀರು ಟ್ರ್ಯಾಪಿನ ನೀರನ್ನೂ ಬಾಲದಂತೆ ಎಳೆದುಕೊಂಡು ಹೋಗುತ್ತದೆ. ಟ್ರ್ಯಾಪಿನಿಂದ ವೆಂಟಿಗೆ ಇಷ್ಟೇ ದೂರ ಇರಬೇಕು ಎನ್ನುವ ಮಿತಿಗಳ ಹಿಂದಿನ ತರ್ಕ ಇದು. ಅಮೆರಿಕದ ಇಂಟರ್‌ನ್ಯಾಷನಲ್ ಪ್ಲಂಬಿಂಗ್ ಕೋಡ್ ಒಂದೂವರೆ ಇಂಚಿನ ಪೈಪಿಗೆ 6 ಅಡಿ ಬಿಡುತ್ತದೆ. ಅಲ್ಲಿಯದೇ ಯೂನಿಫಾರ್ಮ್ ಪ್ಲಂಬಿಂಗ್ ಕೋಡ್ ಇನ್ನೂ ಬಿಗಿ, 42 ಇಂಚು ಮಾತ್ರ. ಬ್ರಿಟನ್ನಿನ ದಾಖಲೆ ಬೇರೆ ವೆಂಟ್ ಇಲ್ಲದ 32 ಮಿ.ಮೀ. ಬೇಸಿನ್ ಪೈಪಿಗೆ 1.7 ಮೀಟರ್, 40 ಮಿ.ಮೀ.ಗೆ 3 ಮೀಟರ್ ಎನ್ನುತ್ತದೆ. ಅಂಕಿಗಳು ಒಂದೊಂದು ಕಡೆ ಒಂದೊಂದು. ನಿಮ್ಮಲ್ಲಿ ಯಾವುದು ಜಾರಿಯಲ್ಲಿದೆಯೋ ಅದನ್ನೇ ಹಿಡಿಯಿರಿ.

ಈ ಮನೆಯಲ್ಲಿ 32 ಮಿ.ಮೀ. ಪೈಪ್ ಸುಮಾರು ಮೂರೂವರೆ ಮೀಟರ್ ಓಡಿತ್ತು. ಯಾವ ಲೆಕ್ಕ ಹಿಡಿದರೂ ಮಿತಿ ಮೀರಿತ್ತು. ಅದಕ್ಕಿಂತ ಕೆಟ್ಟದ್ದು ಅದರ ಆಕಾರ. ಬೇಸಿನ್ನಿನ ಪೈಪ್ ಗೋಡೆಯೊಳಗೆ ಹೊಕ್ಕ ಕೂಡಲೇ ನೆಟ್ಟಗೆ ನೆಲಕ್ಕೆ ಇಳಿದಿತ್ತು, ಮೇಲಕ್ಕೆ ಏನೂ ಇಲ್ಲ. ಹೊರಗೆ ಕಾಣುವುದು ಬಾಗಿನ ನಂತರ ಅಡ್ಡಕ್ಕೆ ಹೋಗುವ ಪಿ ಟ್ರ್ಯಾಪ್, ಗೋಡೆಯೊಳಗೆ ಅದು ನೆಟ್ಟಗೆ ಕೆಳಗಿಳಿಯುವ ಎಸ್ ಟ್ರ್ಯಾಪ್. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ತನ್ನ ಕಮೋಡಿಗೆ ಪೇಟೆಂಟ್ ಪಡೆದಾಗ ಅದರಲ್ಲಿ ಇದ್ದದ್ದು ಇದೇ ಎಸ್ ಆಕಾರದ ಬಾಗು. ನೀರಿನಿಂದಲೇ ವಾಸನೆ ತಡೆಯುವ ಆ ಯೋಚನೆ ದೊಡ್ಡದು. ಆದರೆ ಬಾಗು ದಾಟಿದ ಕೂಡಲೇ ನೆಟ್ಟಗೆ ಇಳಿಯುವ ಕಾಲು ಸೈಫನ್ ಆಗಿ ನೀರನ್ನು ಎಳೆದುಬಿಡುತ್ತದೆ. ಅಮೆರಿಕದ ಕೋಡುಗಳು ಎಸ್ ಟ್ರ್ಯಾಪನ್ನು ನಿಷೇಧಿಸಿರುವುದು ಅದಕ್ಕೇ.

ಶವರ್ ಯಾಕೆ ಹೀಗೆ ಮಾಡಲಿಲ್ಲ ಎಂದು ಮನೆಯವರು ಕೇಳಿದರು. ಒಳ್ಳೆಯ ಪ್ರಶ್ನೆ. ಶವರಿನ ನೆಲ ಸಪಾಟು. ನೀರು ನಿಂತ ಮೇಲೂ ಸುತ್ತಲಿನ ಒದ್ದೆ ನೆಲದಿಂದ ಸಣ್ಣಗೆ ಜಿನುಗುತ್ತಾ ಬಂದು ಟ್ರ್ಯಾಪ್ ಮತ್ತೆ ತುಂಬುತ್ತದೆ. ಬೇಸಿನ್ ಗುಂಡಗಿದೆ. ನೀರೆಲ್ಲಾ ಒಟ್ಟಿಗೆ ಹೋಗುತ್ತದೆ, ಹಿಂದೆ ಜಿನುಗುವುದಕ್ಕೆ ಏನೂ ಉಳಿಯುವುದಿಲ್ಲ.

ವಾಲ್ವ್ ಹಾಕಬಹುದಿತ್ತಲ್ಲ?

ಇಲ್ಲಿ ಮನೆಯವರ ಜೊತೆ ಸ್ವಲ್ಪ ಉದ್ದದ ಮಾತುಕತೆ ನಡೆಯಿತು. ಹೊಸ ಟೈಲ್ಸ್ ಒಡೆಯಲು ಅವರಿಗೆ ಮನಸ್ಸಿರಲಿಲ್ಲ. ಅದು ಸಹಜ. ಏರ್ ಅಡ್ಮಿಟೆನ್ಸ್ ವಾಲ್ವ್ ಬಗ್ಗೆ ಓದಿಕೊಂಡಿದ್ದರು. ಬೇಸಿನ್ ಕೆಳಗೆ ಒಂದು ವಾಲ್ವ್ ತಿರುಗಿಸಿ ಕೂರಿಸಿದರೆ ಆಯಿತು, ಗೋಡೆ ಮುಟ್ಟುವ ಹಾಗೇ ಇಲ್ಲ ಅನ್ನುವುದು ಅವರ ಆಸೆ.

ಈ ವಾಲ್ವ್ ಕೆಟ್ಟದ್ದಲ್ಲ. 1970ರ ದಶಕದಲ್ಲಿ ಸ್ವೀಡನ್ನಿನಿಂದ ಬಂದದ್ದು. ಪೈಪಿನಲ್ಲಿ ಒತ್ತಡ ಇಳಿದಾಗ ರಬ್ಬರ್ ಮುಚ್ಚಳ ಎದ್ದು ಕೋಣೆಯ ಗಾಳಿಯನ್ನು ಒಳಗೆ ಬಿಡುತ್ತದೆ. ಹರಿವು ನಿಂತಾಗ ತನ್ನ ತೂಕಕ್ಕೇ ಮುಚ್ಚಿಕೊಳ್ಳುತ್ತದೆ. ಬಹಳ ಕೋಡುಗಳು ಇದಕ್ಕೆ ಒಪ್ಪಿಗೆ ಕೊಡುತ್ತವೆ. ಆದರೆ ಶರತ್ತುಗಳಿವೆ. ಅಡ್ಡ ಪೈಪಿಗಿಂತ ಕನಿಷ್ಠ 4 ಇಂಚು ಮೇಲಿರಬೇಕು. ಕೈಗೆ ಸಿಗುವ ಜಾಗದಲ್ಲಿರಬೇಕು. ಸುತ್ತ ಗಾಳಿ ಬರಬೇಕು. ಮನೆಯಲ್ಲಿ ಕನಿಷ್ಠ ಒಂದು ವೆಂಟ್ ಆದರೂ ನೇರ ಆಕಾಶಕ್ಕೆ ತೆರೆದಿರಬೇಕು. ಈ ಕೊನೆಯ ಶರತ್ತನ್ನೇ ಜನ ಮರೆಯುವುದು. ವಾಲ್ವ್ ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಪೈಪಿನಲ್ಲಿ ಒತ್ತಡ ಏರಿದರೆ ಅದರಿಂದ ಉಪಯೋಗವಿಲ್ಲ. ಸ್ಟ್ಯಾಕಿಗೆ ಹಾಕಿದ ಕ್ಯಾಪ್ ಹಾಗೇ ಬಿಟ್ಟು ಬೇಸಿನ್ನಿಗೊಂದು ವಾಲ್ವ್ ಹಾಕಿದ್ದರೆ ಗುಳುಗುಳು ಕಡಿಮೆಯಾಗುತ್ತಿತ್ತು, ಮನೆಯವರು ನೆಮ್ಮದಿಯಾಗುತ್ತಿದ್ದರು. ರಬ್ಬರ್ ಹಳತಾಗಿ ಬಿಗಿಯಾಗಿ ಕೂರದ ದಿನ ವಾಸನೆ ಮತ್ತೆ ಬರುತ್ತಿತ್ತು.

ಸ್ಟ್ಯಾಕ್ ತೆರೆದ ಮೇಲೆ ಬೇಸಿನ್ನಿಗೆ ಮಾತ್ರ ವಾಲ್ವ್ ಹಾಕುವುದು ನ್ಯಾಯವಾದ ಆಯ್ಕೆಯೇ ಆಗಿತ್ತು. ನಾನು ಅದನ್ನು ಬಚ್ಚಿಡಲಿಲ್ಲ. ಆದರೂ ಪೈಪ್ ವೆಂಟನ್ನೇ ಹಾಕಿ ಎಂದೆ. ಹೇಗೂ ಫಾಲ್ಸ್ ಸೀಲಿಂಗ್ ಬಿಚ್ಚಿದೆ. ಸ್ಟ್ಯಾಕಿನ ವೆಂಟನ್ನು ಅಲ್ಲೇ ಹೊಸದಾಗಿ ಜೋಡಿಸಬೇಕು. 32 ಮಿ.ಮೀ. ಪೈಪನ್ನಂತೂ ಬದಲಿಸಲೇಬೇಕು, ಅದಕ್ಕೆ ಬೇಸಿನ್ ಹಿಂದಿನ ಗೋಡೆ ಹೇಗೂ ಬಿಚ್ಚಬೇಕು. ಇಷ್ಟೆಲ್ಲಾ ತೆರೆದಿರುವಾಗ, ಸವೆಯುವ ಭಾಗವೇ ಇಲ್ಲದ ದಾರಿ ಬಿಟ್ಟು ರಬ್ಬರ್ ಮುಚ್ಚಳ ನಂಬುವುದು ಯಾಕೆ? ಟೈಲ್ಸ್ ಉಳಿಸಲು ಮಾತ್ರ ವಾಲ್ವ್ ಹಾಕುವುದು ನನಗೆ ಸರಿ ಕಾಣುವುದಿಲ್ಲ. ವೆಂಟ್ ಪೈಪ್ ಒಯ್ಯಲು ದಾರಿಯೇ ಇಲ್ಲದ ಕಡೆಗೆ ಆ ವಾಲ್ವ್ ಇರಲಿ.

ಅವರು ಒಪ್ಪಿದರು.

ಸರಿಪಡಿಸಿದ ಬಗೆ

ಸ್ಟ್ಯಾಕಿನ ಕೆಲಸ ಸರಳ. ಗೂಡನ್ನು ಉಳಿಸಿಕೊಂಡೇ ಮಾಡಿದೆವು. ಗೂಡಿನ ತಳದಲ್ಲಿ 45 ಡಿಗ್ರಿಯ ಎರಡು ಬೆಂಡ್ ಹಾಕಿ ಪೈಪನ್ನು ಪಕ್ಕಕ್ಕೆ ಸರಿಸಿದೆವು. ಗೂಡಿನ ಬದಿಯಲ್ಲೇ ನೇರ ಮೇಲೆ ಒಯ್ದು, ಸೀಲಿಂಗಿನಲ್ಲಿ ಮತ್ತೆ ಎರಡು 45ರ ಬೆಂಡಿನಿಂದ ಹಳೆಯ ತುಂಡಿಗೆ ಸೇರಿಸಿದೆವು. ಎಲ್ಲೂ 100 ಮಿ.ಮೀ.ಗಿಂತ ಸಣ್ಣದು ಮಾಡಲಿಲ್ಲ. ನೀರು ಬರುವ ಜಾಗ ದಾಟಿ ಮೇಲಿರುವುದರಿಂದ ಈ ತಿರುವುಗಳಿಂದ ಹರಿವಿಗೆ ತೊಂದರೆ ಇಲ್ಲ. ನವೀಕರಣದ ಶುರುವಿನಲ್ಲೇ ಯಾರಾದರೂ ಇದನ್ನು ಯೋಚಿಸಿದ್ದರೆ ಗೂಡೂ ಇರುತ್ತಿತ್ತು, ಪೈಪೂ ಇರುತ್ತಿತ್ತು.

ಬೇಸಿನ್ ಕಡೆಗೆ ಗಮನ ಜಾಸ್ತಿ ಬೇಕಿತ್ತು. ಟ್ರ್ಯಾಪಿನಿಂದ 40 ಮಿ.ಮೀ. ಪೈಪ್ ಅಡ್ಡವಾಗಿ, ಮೀಟರಿಗೆ 2 ಸೆಂ.ಮೀ. ವಾಟದಲ್ಲಿ, ಗೋಡೆಯೊಳಗೆ ಅರ್ಧ ಮೀಟರ್ ಹೋಗಿ ಒಂದು ಟೀ (ಮೂರು ಬಾಯಿಯ ಜಾಯಿಂಟ್) ಸೇರುತ್ತದೆ. ಟೀಯಿಂದ ಕೆಳಕ್ಕೆ ನೀರು, ಮೇಲಕ್ಕೆ ಗಾಳಿ. ವೆಂಟ್ ತೀರಾ ದೂರ ಇರಬಾರದು ಅಂದೆ. ತೀರಾ ಹತ್ತಿರವೂ ಇರಬಾರದು. ಟ್ರ್ಯಾಪಿನ ತುದಿಯಿಂದ ಪೈಪಿನ ಎರಡು ಅಗಲದಷ್ಟಾದರೂ, ಇಲ್ಲಿ 80 ಮಿ.ಮೀ., ಆಚೆ ಇರಬೇಕು. ಟ್ರ್ಯಾಪಿನ ನೆತ್ತಿಯ ಮೇಲೆಯೇ ವೆಂಟ್ ಇಟ್ಟರೆ ಎರಚುವ ನೀರು, ಸೋಪಿನ ಕೊಳೆ ಅದರ ಬಾಯಿಗೆ ಮೆತ್ತಿಕೊಂಡು ಕ್ರಮೇಣ ಕಟ್ಟಿಹೋಗುತ್ತದೆ.

ವೆಂಟ್ ಪೈಪ್ ಬೇಸಿನ್ನಿನ ಹಿಂದೆ ನೆಟ್ಟಗೆ ಸೀಲಿಂಗಿನ ತನಕ ಹೋಯಿತು. ಅಲ್ಲಿ ಅಡ್ಡ ತಿರುಗಿ ಸ್ಟ್ಯಾಕಿನ ವೆಂಟ್ ಸೇರಿತು. ಅಡ್ಡ ಭಾಗಕ್ಕೂ ಸ್ವಲ್ಪ ವಾಟ ಕೊಟ್ಟೆವು, ಒಳಗೆ ಹನಿಗಟ್ಟಿದ ನೀರು ವಾಪಸ್ ಪೈಪಿಗೇ ಇಳಿಯಲಿ ಎಂದು. ಮೇಸ್ತ್ರಿ ಒಬ್ಬರು ಕೇಳಿದರು: ಅಷ್ಟು ಮೇಲೆ ಯಾಕೆ, ಬೇಸಿನ್ ಕೆಳಗೇ ಅಡ್ಡ ತಿರುಗಿಸಿದರೆ ಒಂದು ಸಾಲು ಟೈಲ್ಸ್ ಉಳಿಯುತ್ತದಲ್ಲ? ಹಾಗೆ ಮಾಡುವ ಹಾಗಿಲ್ಲ. ಬೇಸಿನ್ನಿನ ಅಂಚಿಗಿಂತ ಕನಿಷ್ಠ 6 ಇಂಚು ಮೇಲೆ ಹೋದ ನಂತರವೇ ವೆಂಟ್ ಅಡ್ಡ ತಿರುಗಬೇಕು. ಮುಂದೆ ಒಂದು ದಿನ ಡ್ರೈನ್ ಕಟ್ಟಿಕೊಂಡಿತು ಎಂದುಕೊಳ್ಳಿ. ಕೆಳಗೇ ಅಡ್ಡ ತಿರುಗಿದ ವೆಂಟಿನೊಳಗೆ ಕೊಳೆ ನೀರು ನುಗ್ಗುತ್ತದೆ. ಬ್ಲಾಕ್ ತೆಗೆದ ಮೇಲೂ ಕೊಳೆ ಅಲ್ಲೇ ಒಣಗಿ ಕೂರುತ್ತದೆ, ತೊಳೆದುಕೊಂಡು ಹೋಗಲು ವೆಂಟಿನಲ್ಲಿ ನೀರೇ ಹರಿಯುವುದಿಲ್ಲ. ಅಂಚಿಗಿಂತ ಮೇಲಿದ್ದರೆ ನೀರು ಮೊದಲು ಬೇಸಿನ್ ತುಂಬಿ ನೆಲಕ್ಕೆ ಚೆಲ್ಲುತ್ತದೆ. ಆಗ ಮನೆಯವರಿಗೆ ತಕ್ಷಣ ಗೊತ್ತಾಗುತ್ತದೆ.

ಶವರಿಗೆ ಬೇರೆ ವೆಂಟ್ ಹಾಕಲಿಲ್ಲ. ಬೇಸಿನ್ನಿನ ನೀರು ಇಳಿಯುವ ಪೈಪನ್ನು ನೆಲದಲ್ಲಿ 50 ಮಿ.ಮೀ.ಗೆ ಹಿಗ್ಗಿಸಿ, ಶವರಿನ ಪೈಪನ್ನು ಅದಕ್ಕೇ ಸೇರಿಸಿದೆವು. ಬೇಸಿನ್ನಿನಲ್ಲಿ ನೀರು ಸ್ವಲ್ಪ, ಪೈಪ್ ದೊಡ್ಡದು. ಹಾಗಾಗಿ ನೀರಿನ ಮೇಲ್ಗಡೆ ಉಳಿದ ಜಾಗದಿಂದ ಶವರಿಗೆ ಗಾಳಿ ಸಿಗುತ್ತದೆ. ಇದಕ್ಕೆ ವೆಟ್ ವೆಂಟ್ ಅನ್ನುತ್ತಾರೆ. ಬಾತ್‌ರೂಮ್ ಒಂದರ ಒಳಗೇ ಇರುವ ಬೇಸಿನ್, ಶವರ್, ಕಮೋಡಿನ ಗುಂಪಿಗೆ ಇದು ತುಂಬಾ ಹೊಂದುತ್ತದೆ. ಕಮೋಡ್ ಮಾತ್ರ ಎಲ್ಲದರ ಕೆಳಗಡೆ, ಕೊನೆಗೆ ಸೇರುವಂತೆ ಇಡುವುದು ನನ್ನ ಪದ್ಧತಿ. ಅದರ ಹರಿವು ಜೋರು, ಬೇರೆಯವುಗಳ ಗಾಳಿಯ ದಾರಿಯಲ್ಲಿ ಅದು ನುಗ್ಗಬಾರದು. ಇಲ್ಲಿ ಅದು ಹೇಗೂ ಸ್ಟ್ಯಾಕ್ ಪಕ್ಕದಲ್ಲೇ ಇತ್ತು.

ಕೆಳಗಿನ ಅತಿಥಿ ಬಾತ್‌ರೂಮಿನ ವಾಸನೆಗೆ ಕಾರಣ ಇನ್ನೊಂದು. ಅಲ್ಲಿ ಬಳಕೆಯೇ ಇರಲಿಲ್ಲ. ನೆಲದ ಟ್ರ್ಯಾಪ್ ಆರಿಹೋಗಿತ್ತು. ಟ್ರ್ಯಾಪಿನ ನೀರು ವಾರಕ್ಕೆ ಸುಮಾರು 2.5 ಮಿ.ಮೀ. ಆವಿಯಾಗುತ್ತದೆ ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಬಿಸಿಲು, ಒಣ ಗಾಳಿ ಇದ್ದರೆ ಇನ್ನೂ ಬೇಗ. ಜೊತೆಗೆ ಸ್ಟ್ಯಾಕ್ ಮುಚ್ಚಿದ್ದಾಗ ಅದರಿಂದಲೂ ಒಂದಿಷ್ಟು ಎಳೆದಿರಬಹುದು. ಒಂದು ಬಕೆಟ್ ನೀರು ಸುರಿದೆವು, ವಾಸನೆ ನಿಂತಿತು. ಬಳಸದ ಬಾತ್‌ರೂಮಿಗೆ ಆಗಾಗ ನೀರು ಹಾಕಿ ಎಂದು ಹೇಳಿದ್ದೇನೆ. ಅದಕ್ಕೆ ಯಾವ ಪೈಪಿನ ಪರಿಹಾರವೂ ಬೇಕಿಲ್ಲ.

ಗೋಡೆ ಮುಚ್ಚುವ ಮುಂಚೆ

ಪ್ಲಾಸ್ಟರ್ ಮಾಡುವ ಮೊದಲೇ ಎರಡು ಪರೀಕ್ಷೆ ಮಾಡಿಸಿದೆ. ಮೊದಲನೆಯದು ಗಾಳಿಯ ಪರೀಕ್ಷೆ. ತುದಿಗಳನ್ನೆಲ್ಲ ರಬ್ಬರ್ ಪ್ಲಗ್ಗಿನಿಂದ ಮುಚ್ಚಿ, ಟ್ರ್ಯಾಪುಗಳಿಗೆ ನೀರು ತುಂಬಿಸಿ, ಪೈಪಿನೊಳಗೆ ಮೆಲ್ಲಗೆ ಗಾಳಿ ಊದಬೇಕು. ಯು ಆಕಾರದ ಗಾಜಿನ ಕೊಳವೆಯ ಎರಡು ಕಡೆಯ ನೀರಿನ ಮಟ್ಟಕ್ಕೆ 38 ಮಿ.ಮೀ. ವ್ಯತ್ಯಾಸ ಬರಬೇಕು, ಬಂದು ಕನಿಷ್ಠ 3 ನಿಮಿಷ ಹಾಗೇ ನಿಲ್ಲಬೇಕು. ಇದೂ ಬ್ರಿಟನ್ನಿನ ಅದೇ ದಾಖಲೆಯ ಅಳತೆ. ಮೊದಲ ಸಲ ನೀರಿನ ಮಟ್ಟ ನಿಧಾನವಾಗಿ ಇಳಿಯತೊಡಗಿತು. ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ನೋಡಿದಾಗ ಸೀಲಿಂಗಿನಲ್ಲಿ ಹಳೆಯ ಪೈಪಿಗೆ ಸೇರಿಸಿದ ಕಡೆ ಗುಳ್ಳೆ ಬಂತು. ವೆಂಟ್ ಜಾಯಿಂಟಿನಿಂದ ನೀರು ಸೋರುವುದಿಲ್ಲ. ಆದ್ದರಿಂದ ಇಂಥ ಸೋರಿಕೆ ಕಣ್ಣಿಗೆ ಯಾವತ್ತೂ ಬೀಳುವುದಿಲ್ಲ, ವಾಸನೆಯಾಗಿ ಮಾತ್ರ ಬರುತ್ತದೆ. ಅದನ್ನು ಬಿಚ್ಚಿ ಮತ್ತೆ ಅಂಟಿಸಿದ ಮೇಲೆ ಮಟ್ಟ ಅಲುಗಾಡಲಿಲ್ಲ.

ಎರಡನೆಯದು ಬಳಕೆಯ ಪರೀಕ್ಷೆ. ಪಾರದರ್ಶಕ ಟ್ರ್ಯಾಪನ್ನು ಮತ್ತೆ ಕೂರಿಸಿ, ಬೇಸಿನ್ ತುಂಬಿಸಿ ಬಿಡುವ ಹೊತ್ತಿಗೇ ಕಮೋಡ್ ಫ್ಲಶ್ ಮಾಡಿ, ಶವರ್ ಕೂಡ ತೆರೆದಿಟ್ಟೆವು. ಅತಿ ಕಷ್ಟದ ಸಂದರ್ಭದಲ್ಲೂ ಟ್ರ್ಯಾಪಿನಲ್ಲಿ ಕನಿಷ್ಠ 25 ಮಿ.ಮೀ. ನೀರು ಉಳಿಯಬೇಕು. ಇಲ್ಲಿ 60ರ ಗೆರೆಗಿಂತ ಕೆಳಗೆ ಇಳಿಯಲಿಲ್ಲ. ಆಮೇಲೆ ಗೋಡೆಯೊಳಗಿನ ಪೈಪುಗಳಿಗೆ ಟೇಪ್ ಹಿಡಿದು ನೆಲದಿಂದ, ಮೂಲೆಯಿಂದ ಅಳತೆ ಕಾಣುವ ಹಾಗೆ ಫೋಟೋ ತೆಗೆಸಿದೆ. ವೆಂಟ್ ಪೈಪಿನ ಮೇಲೆ ದಪ್ಪ ಅಕ್ಷರದಲ್ಲಿ "ಗಾಳಿ ಪೈಪ್, ಕತ್ತರಿಸಬೇಡಿ" ಎಂದು ಬರೆಸಿದೆ. ಮುಂದೆ ಇದೇ ಗೋಡೆ ಒಡೆಯುವವರು ಬೇರೆ ಯಾರೋ ಆಗಿರುತ್ತಾರೆ. ಅವರಿಗೆ ಇದು ಕಾಣಬೇಕು.

ಹೊಸ ಬಾಗಿಲಿನ ಕೆಳಗೂ ಒಂದು ಬೆರಳು ಸಂದಿ ಬಿಡಿಸಿದೆವು. ಫ್ಯಾನಿಗೆ ಬೇಕಾದ ಗಾಳಿ ಇನ್ನು ಅಲ್ಲಿಂದ ಬರಲಿ.

ಬಾತ್‌ರೂಮ್ ನವೀಕರಣದ ನಕ್ಷೆಯಲ್ಲಿ ನೀರಿನ ಪೈಪ್ ನೀಲಿ, ಡ್ರೈನ್ ಕಪ್ಪು ಗೆರೆಯಲ್ಲಿ ಇರುತ್ತವೆ. ಗಾಳಿಗೆ ಗೆರೆಯೇ ಇರುವುದಿಲ್ಲ. ನಾನು ಈಗ ಹಸಿರು ಗೆರೆ ಬರೆಸದೆ ಕೆಲಸ ಶುರುಮಾಡಲು ಬಿಡುವುದಿಲ್ಲ. ಬೇಸಿನ್ ಅರ್ಧ ಮೀಟರ್ ಸರಿದರೂ ಸರಿ, ಇದರ ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿ, ಬೆರಳಿಟ್ಟು ತಾರಸಿಯ ತನಕ ತೋರಿಸಿ ಅನ್ನುತ್ತೇನೆ. ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲೇ ತೊಂದರೆ ಇರುತ್ತದೆ. ಗೋಡೆ ತೆರೆದಿರುವಾಗ ಕೇಳಿದರೆ ಉತ್ತರಕ್ಕೆ ಒಂದು ಪೈಪ್ ತುಂಡು ಸಾಕು.

ಕೊನೆಯ ಒಂದು ಕೆಲಸ ತಾರಸಿಯಲ್ಲಿ ಉಳಿದಿತ್ತು. ಅಲ್ಲಿ ಕೂರಲು ನೆರಳಿನ ಜಾಗ ಮಾಡಿಸುವ ಯೋಚನೆ ಮನೆಯವರಿಗಿತ್ತು. ಹಳೆಯ ವೆಂಟ್ ಸೊಂಟದ ಎತ್ತರಕ್ಕೆ ನಿಂತಿತ್ತು. ಜನ ಓಡಾಡುವ ತಾರಸಿಯಲ್ಲಿ ವೆಂಟಿನ ಬಾಯಿ 7 ಅಡಿ ಮೇಲಿರಬೇಕು ಎಂದು ಇಂಟರ್‌ನ್ಯಾಷನಲ್ ಪ್ಲಂಬಿಂಗ್ ಕೋಡ್ ಕೇಳುತ್ತದೆ. 3 ಮೀಟರ್ ಒಳಗೆ ಕಿಟಕಿ ಇದ್ದರೆ ಅದಕ್ಕಿಂತ 900 ಮಿ.ಮೀ. ಮೇಲಿರಲಿ ಎನ್ನುತ್ತದೆ ಬ್ರಿಟನ್ನಿನ ದಾಖಲೆ. ಪೈಪನ್ನು 7 ಅಡಿಗೆ ಏರಿಸಿ, ಗೋಡೆಗೆ ಕ್ಲ್ಯಾಂಪ್ ಹಾಕಿ, ತುದಿಗೆ ಹಕ್ಕಿ ಗೂಡು ಕಟ್ಟದ ಹಾಗೆ ಜಾಲರಿಯ ಕೌಲ್ ಕೂರಿಸಿದೆವು. ಜಾಲರಿಯ ಕಣ್ಣು ದೊಡ್ಡದೇ ಇರಲಿ ಎಂದೆ. ಸಣ್ಣ ಕಣ್ಣಿಗೆ ಧೂಳು, ಜೇಡರ ಬಲೆ ಬೇಗ ಕಟ್ಟುತ್ತದೆ. ನೆರಳಿನ ಚಾವಣಿಯನ್ನು ಪೈಪಿನಿಂದ ದೂರದ ಮೂಲೆಗೆ ಸರಿಸಲು ಅವರು ಒಪ್ಪಿದ್ದಾರೆ.